ಹಳೆಯ ಕುಟುಂಬಚಿತ್ರಗಳ ಡಿಜಿಟಲೀಕರಣ ಮತ್ತು ಸಂಸ್ಕರಣ

ಕಾಗದದ ಮೇಲೆ, ಫಿಲ್ಮಿನ ಮೇಲೆ ಅಥವಾ ಗಾಜಿನ ಫಲಕದ ಮೇಲೆ ಮೂಡಿರುವ ಹಳೆಯ ಛಾಯಾಚಿತ್ರವನ್ನು ಸ್ಕ್ಯಾನರಿನಿಂದಲೋ ಕ್ಯಾಮೆರಾದಿಂದಲೋ ಗ್ರಹಿಸಿ, ಗಣಕಯಂತ್ರವು ಓದಬಲ್ಲ ಅಂಕಿಗಳ ರೂಪಕ್ಕೆ ತಂದು, ತರುವಾಯ ಚಿತ್ರಸಂಸ್ಕರಣ ತಂತ್ರಾಂಶದ ನೆರವಿನಿಂದ ಅದರ ಮಾಸಿದ ವರ್ಣವನ್ನೂ ಒದಗಿರುವ ಕ್ಷತಿಗಳನ್ನೂ ಸರಿಪಡಿಸುವ ಕಾರ್ಯಕ್ಕೆ ಈ ಹೆಸರು ಸಲ್ಲುತ್ತದೆ. ಈ ವಿದ್ಯೆಯ ಉದಯವೇ ಒಂದು ಕುಟುಂಬಚಿತ್ರದೊಡನೆ ಆಯಿತು. 1957ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರಸೆಲ್ ಕರ್ಷ್ ಮತ್ತು ಅವರ ಸಹೋದ್ಯೋಗಿಗಳು ತಾವು ನಿರ್ಮಿಸಿದ ಸ್ಕ್ಯಾನರಿಗೆ ಮೊದಲಲ್ಲಿ ಓದಿಸಿದ್ದು ಕರ್ಷ್ ಅವರ ಮೂರು ತಿಂಗಳ ಹಸುಳೆಯ ಭಾವಚಿತ್ರವನ್ನು. ಸುಮಾರು ಐದು ಸೆಂಟಿಮೀಟರ್ ಚೌಕದ ಆ ಚಿತ್ರವು ಅಡ್ಡಕ್ಕೂ ಉದ್ದಕ್ಕೂ 176 ಬಿಂದುಗಳಾಗಿ ಯಂತ್ರದ ಸ್ಮೃತಿಯನ್ನು ಸೇರಿತು.

ವರ್ಣಭೇದದ ವಲಸೆನೀತಿಯನ್ನು ಆಸ್ಟ್ರೇಲಿಯಾ 1973ರಲ್ಲಿ ಸಂಪೂರ್ಣವಾಗಿ ಕೈಬಿಟ್ಟ ತರುವಾಯ ಸಿಡ್ನಿ ಮೆಲ್ಬರ್ನ್‌ಗಳಲ್ಲಿ ನೆಲೆಯೂರಿದ ಕನ್ನಡ ಕುಟುಂಬಗಳಿಗೆ ಈ ಕಾರ್ಯದಲ್ಲಿ ಒಂದು ವಿಶೇಷವಾದ ತೊಡಕುಂಟು: ಸ್ಕ್ಯಾನರೂ ಗಣಕವೂ ಆಸ್ಟ್ರೇಲಿಯಾದಲ್ಲಿ, ಆಲ್ಬಮುಗಳೂ ಗೋಡೆಯ ಪಟಗಳೂ ಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರೂ ಮೈಸೂರು, ಧಾರವಾಡ, ಮಂಗಳೂರುಗಳ ಮನೆಗಳಲ್ಲಿ. ಊರಿನವರು ವಾಟ್ಸ್ಯಾಪಿನಲ್ಲಿ ಚಿತ್ರವನ್ನು ಎಂದಿನಂತೆ ಕಳುಹಿಸಿದರೆ ಆ ವ್ಯವಸ್ಥೆಯು ಕಡತವನ್ನು ಕುಗ್ಗಿಸಿ ಸೂಕ್ಷ್ಮ ವಿವರಗಳನ್ನು ಅಳಿಸಿಬಿಡುತ್ತದಾದ್ದರಿಂದ, ಅದನ್ನು ಡಾಕ್ಯುಮೆಂಟ್ ರೂಪದಲ್ಲಿಯೇ ಕಳುಹಿಸುವಂತೆ ಹೇಳತಕ್ಕದ್ದು. ನೆಗೆಟಿವುಗಳನ್ನು ವಿಮಾನದಲ್ಲಿ ಒಯ್ಯಲು ಅಂಜಬೇಕಾಗಿಲ್ಲ. ನಿಲ್ದಾಣದ ಕ್ಷಕಿರಣಗಳಿಂದ ಹಾನಿಯಾಗುವುದು ಇನ್ನೂ ಸಂಸ್ಕರಿಸದ ಫಿಲ್ಮಿಗೆ ಮಾತ್ರ.

ಕೆಲಸಕ್ಕೆ ತೊಡಗುವ ಮುನ್ನ ಚಿತ್ರದ ಜಾತಿಯನ್ನು ಅರಿಯುವುದು ಅವಶ್ಯ. ಕನ್ನಡ ನಾಡಿನ ದೇವಾಲಯಗಳನ್ನು ಲಿನೇಯಸ್ ಟ್ರೈಪ್ 1854ರಷ್ಟು ಹಿಂದೆಯೇ ಛಾಯಾಗ್ರಹಣ ಮಾಡಿದ್ದನಾದರೂ, ಗೃಹಸ್ಥರ ಮನೆಗಳಿಗೆ ಫೋಟೋ ಪ್ರವೇಶಿಸಿದುದು ಬಹುಮಟ್ಟಿಗೆ ಬೆಂಗಳೂರಿನ ಜಿ. ಕೆ. ವೇಲ್‌ನಂತಹ ಸ್ಟುಡಿಯೋಗಳ ಮೂಲಕ, ಇಪ್ಪತ್ತನೆಯ ಶತಮಾನದಲ್ಲಿ. ಬಣ್ಣ ಬಳಿದ ಪರದೆಯ ಮುಂದೆ, ಕೆತ್ತನೆಯ ಕುರ್ಚಿಯಲ್ಲಿ ಯಜಮಾನರನ್ನು ಕುಳ್ಳಿರಿಸಿ, ಪಕ್ಕದಲ್ಲಿ ಪತ್ನಿಯನ್ನು ನಿಲ್ಲಿಸಿ ತೆಗೆದ ಆ ಕಪ್ಪುಬಿಳುಪು ಚಿತ್ರಗಳಲ್ಲಿ ಬಿಂಬವನ್ನು ಹಿಡಿದಿರುವುದು ಜೆಲಟಿನ್ನಿನಲ್ಲಿ ಹುದುಗಿದ ಬೆಳ್ಳಿಯ ಕಣಗಳು. ದಶಕಗಳ ತೇವದಿಂದ ಆ ಬೆಳ್ಳಿಯು ಮೇಲ್ಮೈಗೆ ಸರಿದುಬಂದು, ಚಿತ್ರವನ್ನು ಓರೆಯಾಗಿ ಹಿಡಿದಾಗ ಕರಿಯ ಭಾಗಗಳಲ್ಲಿ ನೀಲಿ ಛಾಯೆಯ ಕನ್ನಡಿಹೊಳಪಾಗಿ ಕಾಣಿಸುತ್ತದೆ. ಮುಂದೆ, ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ III ಪೆಟ್ಟಿಗೆ ಕ್ಯಾಮೆರಾ ಮಧ್ಯಮವರ್ಗದ ಕೈಗೆ ಬಂದು, 120 ಫಿಲ್ಮಿನ ಒಂದು ಸುರುಳಿಯಲ್ಲಿ ಆರು ಸೆಂಟಿಮೀಟರ್ ಚೌಕದ ಹನ್ನೆರಡು ಚಿತ್ರಗಳನ್ನು ನೀಡಿತು. ಆ ನೆಗೆಟಿವುಗಳು ಉಳಿದಿದ್ದರೆ, ಪುಟ್ಟ ಮುದ್ರಿತ ಪ್ರತಿಗಿಂತ ಅವನ್ನೇ ಸ್ಕ್ಯಾನ್ ಮಾಡುವುದು ಎಷ್ಟೋ ಮೇಲು. 1970ರ ದಶಕದ ವರ್ಣಚಿತ್ರಗಳು ಇಂದು ಕೆಂಪಡರಿ ಕಾಣುವುದಕ್ಕೆ ಕಾರಣ, ಆ ಕಾಲದ ಕಾಗದದಲ್ಲಿದ್ದ ಹಸಿರುನೀಲಿ ವರ್ಣದ್ರವ್ಯವು ಆಲ್ಬಮಿನ ಕತ್ತಲೆಯಲ್ಲಿಯೂ ಉಳಿದವಕ್ಕಿಂತ ಶೀಘ್ರವಾಗಿ ಕ್ಷಯಿಸುವುದು.

ಚಿತ್ರವನ್ನು ಅಂಚಿನಲ್ಲಿ ಹಿಡಿದು, ಮೃದುವಾದ ಒಣ ಕುಂಚದಿಂದ ಧೂಳನ್ನು ತೆಗೆಯಬೇಕೇ ವಿನಾ ಒದ್ದೆ ಬಟ್ಟೆಯಿಂದ ಎಂದಿಗೂ ಒರೆಸಬಾರದು. ಕರಾವಳಿಯ ಮಳೆಗಾಲದ ತೇವದಲ್ಲಿ ಕಟ್ಟು ಹಾಕಿಸಿದ ಪಟಗಳ ಚಿತ್ರವು ಗಾಜಿಗೇ ಅಂಟಿಕೊಂಡಿರುವುದುಂಟು. ಅಂಥದನ್ನು ಕೀಳಹೋದರೆ ಮುಖವೇ ಗಾಜಿನ ಮೇಲೆ ಉಳಿದೀತಾದ್ದರಿಂದ, ಗಾಜಿನ ಸಮೇತವಾಗಿಯೇ ಪ್ರತಿ ತೆಗೆಯುವುದು ವಿಹಿತ. ಇಲ್ಲಿ ಯಂತ್ರದ ಭೇದ ಮುಖ್ಯವಾಗುತ್ತದೆ. ತೆಳುವಾದ, ಅಗ್ಗದ ಸ್ಕ್ಯಾನರುಗಳಲ್ಲಿರುವ ಸಿ.ಐ.ಎಸ್. ಸಂವೇದಕವು ಗಾಜಿಗೆ ಒತ್ತಿಕೊಂಡಿರುವ ವಸ್ತುವನ್ನು ಮಾತ್ರ ಸ್ಪಷ್ಟವಾಗಿ ಕಾಣಬಲ್ಲುದು. ಡೊಂಕಾದ ರಟ್ಟಿಗೆ ಅಂಟಿಸಿದ ಚಿತ್ರಕ್ಕೂ ಕಟ್ಟಿನೊಳಗಿನ ಪಟಕ್ಕೂ ಮಸೂರವುಳ್ಳ ಸಿ.ಸಿ.ಡಿ. ಸ್ಕ್ಯಾನರೇ ಬೇಕು. ಸ್ಕ್ಯಾನರು ದೊರೆಯದ ಊರಿನಲ್ಲಿ, ನೇರ ಬಿಸಿಲು ಬೀಳದ ಕಿಟಕಿಯ ಬಳಿ ಚಿತ್ರವನ್ನು ಮಟ್ಟಸವಾಗಿ ಇರಿಸಿ, ಫ್ಲ್ಯಾಶ್ ಇಲ್ಲದೆ, ಮೊಬೈಲನ್ನು ಅದಕ್ಕೆ ಸಮಾಂತರವಾಗಿ ಹಿಡಿದು ತೆಗೆದರೂ ಕೆಲಸ ಸಾಗುತ್ತದೆ.

ಮುದ್ರಿತ ಚಿತ್ರಕ್ಕೆ ಅಂಗುಲಕ್ಕೆ 600 ಬಿಂದುಗಳ ಸಾಂದ್ರತೆ ಸಾಕು. ನಾಲ್ಕು–ಆರು ಅಂಗುಲದ ಒಂದು ಪ್ರತಿಯು ಆಗ 2400 × 3600 ಬಿಂದುಗಳಾಗಿ, ಕುಗ್ಗಿಸದ ಟಿಫ್ ಕಡತದಲ್ಲಿ ಸುಮಾರು 26 ಎಂ.ಬಿ. ಸ್ಥಳವನ್ನು ಹಿಡಿಯುತ್ತದೆ. ಮೂವತ್ತೈದು ಮಿಲಿಮೀಟರ್ ನೆಗೆಟಿವಿಗೆ 3200ರಿಂದ 4000 ಬೇಕಾಗುತ್ತದೆ. ಕಪ್ಪುಬಿಳುಪು ಚಿತ್ರವನ್ನೂ ವರ್ಣದಲ್ಲಿಯೇ ಸ್ಕ್ಯಾನ್ ಮಾಡುವುದು ಲೇಸು, ಏಕೆಂದರೆ ಕಾಗದದ ಹಳದಿಯೂ ಕಲೆಗಳ ಬಣ್ಣವೂ ಮುಂದಿನ ಸಂಸ್ಕರಣಕ್ಕೆ ಸುಳಿವಾಗುತ್ತವೆ. ಹೀಗೆ ದೊರೆತ ಕಡತವೇ ಮೂಲಪ್ರತಿ. ಅದನ್ನು ಬೇರೆಯಾಗಿ ಕಾದಿರಿಸಿ, ಎಲ್ಲ ತಿದ್ದುಪಡಿಯನ್ನೂ ಅದರ ನಕಲಿನ ಮೇಲೆಯೇ ನಡೆಸತಕ್ಕದ್ದು. ಈ ಒಂದು ನಿಯಮವನ್ನು ಪಾಲಿಸಿದವನಿಗೆ ಮಿಕ್ಕ ಯಾವ ತಪ್ಪಿನಿಂದಲೂ ಶಾಶ್ವತವಾದ ನಷ್ಟವಿಲ್ಲ.

ತಂತ್ರಾಂಶಗಳಲ್ಲಿ ಪ್ರಸಿದ್ಧವಾದುದು, ತಾಮಸ್ ಮತ್ತು ಜಾನ್ ನಾಲ್ ಸೋದರರು ರಚಿಸಿ 1990ರಲ್ಲಿ ಅಡೋಬಿ ಸಂಸ್ಥೆ ಹೊರತಂದ ಫೋಟೋಶಾಪ್. ಬರ್ಕ್ಲಿಯ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಆರಂಭಿಸಿದ ಜಿಂಪ್ ಉಚಿತವಾಗಿ ದೊರೆಯುತ್ತದೆ. ಕುಟುಂಬದ ಆಲ್ಬಮಿಗೆ ಬೇಕಾದುದೆಲ್ಲವೂ ಅದರಲ್ಲಿರುವುದರಿಂದ, ಹೊಸಬರು ಹಣ ತೆರುವ ಮುನ್ನ ಅದನ್ನೇ ಕಲಿಯುವುದು ಯುಕ್ತ. ಮೊದಲು ಓರೆಯನ್ನು ತಿದ್ದಿ, ‘ಲೆವೆಲ್ಸ್’ ಎಂಬ ಸಾಧನದಲ್ಲಿ ಕಪ್ಪು ಮತ್ತು ಬಿಳುಪಿನ ತುದಿಗಳನ್ನು ಒಳಕ್ಕೆ ಸರಿಸಿದರೆ, ಬೂದಿಬಣ್ಣದ ಮುಸುಕಿನೊಳಗಿದ್ದ ಸೀರೆಯ ಅಂಚೂ ರುಮಾಲಿನ ಮಡಿಕೆಗಳೂ ಮೇಲೇಳುತ್ತವೆ. ಕೆಂಪಡರಿದ ವರ್ಣಚಿತ್ರದಲ್ಲಿ ಕೆಂಪು, ಹಸಿರು, ನೀಲಿ ವಾಹಿನಿಗಳಿಗೆ ಈ ಕ್ರಿಯೆಯನ್ನು ಪ್ರತ್ಯೇಕವಾಗಿ ನಡೆಸಬೇಕು. ಪಂಚೆಯ ಬಿಳುಪು ಬಿಳುಪಾಗಿಯೇ ಕಂಡಾಗ ಚರ್ಮದ ವರ್ಣವೂ ಬಹುಪಾಲು ತಾನೇ ಸರಿಹೋಗುತ್ತದೆ. ಗೀರು, ಮಡಿಕೆ, ಬೂಷ್ಟಿನ ಚುಕ್ಕೆಗಳನ್ನು ‘ಕ್ಲೋನ್’ ಮತ್ತು ‘ಹೀಲ್’ ಸಾಧನಗಳಿಂದ, ಪ್ರತ್ಯೇಕವಾದ ಪದರದ ಮೇಲೆ, ಒಂದೊಂದಾಗಿ ಮುಚ್ಚುವುದು ಕಡೆಯ ಹಂತ.

ಸಂಯಮ ಬೇಕಾಗುವುದು ಈ ಹಂತದಲ್ಲಿಯೇ. ಧೂಳನ್ನು ತಾನಾಗಿಯೇ ಅಳಿಸುವ ಸೌಕರ್ಯಕ್ಕೆ, ಮುಖದ ಮೇಲಿನ ಬೆಳ್ಳನೆಯ ಚುಕ್ಕೆ ಧೂಳಿನ ಕಣವೋ ಅಜ್ಜಿಯ ಮೂಗುಬಟ್ಟಿನ ಹರಳೋ ತಿಳಿಯದು. ಇಡೀ ಚಿತ್ರಕ್ಕೆ ಅದನ್ನು ಒಮ್ಮೆಲೇ ಪ್ರಯೋಗಿಸಿದರೆ ಹರಳೂ ಹೋಗುತ್ತದೆ, ಕಿವಿಯ ಬೆಂಡೋಲೆಯ ಮಿನುಗೂ ಹೋಗುತ್ತದೆ. ಅಂತೆಯೇ, ಗತಿಸಿದ ಹಿರಿಯರ ಪಟದ ಗಾಜಿಗೆ ವರ್ಷವರ್ಷವೂ ಹಚ್ಚಿದ ಗಂಧ ಕುಂಕುಮಗಳ ಕಲೆಯನ್ನು ತಂತ್ರಾಂಶವು ಕೇವಲ ದೋಷವೆಂದೇ ಎಣಿಸುತ್ತದೆ. ಅದು ಆ ಮನೆಯ ನಡವಳಿಕೆಯ ಸಾಕ್ಷಿಯಾದ್ದರಿಂದ ಒಂದು ಪ್ರತಿಯಲ್ಲಾದರೂ ಉಳಿಯಬೇಕು. ಕೃತಕ ಬುದ್ಧಿಮತ್ತೆಯ ಸಾಧನಗಳು ಮಸುಕಾದ ಮುಖವನ್ನು ಕ್ಷಣಾರ್ಧದಲ್ಲಿ ಚೊಕ್ಕಟಗೊಳಿಸಬಲ್ಲವು. ಆದರೆ ಇಲ್ಲದ ಕಣ್ಣು ರೆಪ್ಪೆಗಳನ್ನು ಅವು ಬೇರೆ ಅಸಂಖ್ಯಾತ ಮುಖಗಳ ಅಭ್ಯಾಸದಿಂದ ಊಹಿಸಿ ಬರೆಯುವುದರಿಂದ, ಅಲ್ಲಿ ಕಾಣುವ ವ್ಯಕ್ತಿಯು ನಮ್ಮ ಮುತ್ತಜ್ಜನೆಂದು ಹೇಳಲು ಬರುವುದಿಲ್ಲ. ಅಂತಹ ಪ್ರತಿಯ ಹೆಸರಿನಲ್ಲಿಯೇ ಆ ಸಂಗತಿಯನ್ನು ಸೂಚಿಸದಿರುವುದು ಮುಂದಿನ ಪೀಳಿಗೆಗೆ ಮಾಡುವ ವಂಚನೆಯೇ ಸರಿ.

ಆಸ್ಟ್ರೇಲಿಯಾದ ಕಾನೂನಿನಂತೆ 1955ಕ್ಕೆ ಮುಂಚೆ ತೆಗೆದ ಛಾಯಾಚಿತ್ರಗಳ ಹಕ್ಕುಸ್ವಾಮ್ಯ ಮುಗಿದಿದೆ. ತರುವಾಯದವನ್ನೂ ಸ್ವಂತ ಗೃಹಬಳಕೆಗಾಗಿ ಕಾಗದದಿಂದ ಡಿಜಿಟಲ್ ರೂಪಕ್ಕೆ ತಂದುಕೊಳ್ಳಲು 2006ರ ತಿದ್ದುಪಡಿ ಅವಕಾಶವಿತ್ತಿದೆ. ಕಡತಗಳ ಒಂದು ಪ್ರತಿ ಸಿಡ್ನಿಯಲ್ಲಿ, ಇನ್ನೊಂದು ಊರಿನ ಬಂಧುಗಳಲ್ಲಿ, ಮತ್ತೊಂದು ಕ್ಲೌಡಿನಲ್ಲಿ ಇದ್ದರೆ ಕ್ಷೇಮ.

ಸ್ಕ್ಯಾನ್ ಆದ ಕಡತಕ್ಕೆ ಗಣಕವು ಹಾಕುವುದು ಸ್ಕ್ಯಾನಿನ ದಿನಾಂಕವನ್ನು. ಚಿತ್ರ ತೆಗೆದ ವರ್ಷವನ್ನೂ ಊರನ್ನೂ ಎಡದಿಂದ ಬಲಕ್ಕೆ ನಿಂತವರ ಹೆಸರುಗಳನ್ನೂ ಕಡತದೊಳಗಿನ ವಿವರಣೆಯ ಸ್ಥಳದಲ್ಲಿ ನಾವೇ ಬರೆಯಬೇಕು, ಯುನಿಕೋಡ್ ಇರುವುದರಿಂದ ಕನ್ನಡದಲ್ಲಿಯೇ ಬರೆಯಬಹುದು. ಚಿತ್ರದ ಹಿಂಬದಿಯ ಸ್ಟುಡಿಯೋ ಮುದ್ರೆಯನ್ನೂ ಪೆನ್ಸಿಲಿನ ಬರಹವನ್ನೂ ಮುಂಬದಿಯಂತೆಯೇ ಸ್ಕ್ಯಾನ್ ಮಾಡಿ ಇಡಬೇಕು. ಮಾಸಿದ ವರ್ಣವನ್ನು ಇನ್ನು ಹತ್ತು ವರ್ಷಗಳ ಮೇಲೆಯೂ ತಿದ್ದಬಹುದು, ಆ ವೇಳೆಗೆ ಸಾಧನಗಳು ಇನ್ನೂ ಉತ್ತಮವಾಗಿರಲೂಬಹುದು. ಹೆಸರುಗಳ ವಿಷಯದಲ್ಲಿ ಆ ಸಾವಕಾಶವಿಲ್ಲ. ಆದುದರಿಂದ ಈ ಕಾರ್ಯಕ್ಕೆ ತೊಡಗುವ ವಾಚಕರು ತಂತ್ರಾಂಶದ ಪಾಠಗಳನ್ನು ಆಮೇಲೆ ಓದಿಕೊಳ್ಳಲಿ. ಮೊದಲು ಊರಿನ ದೊಡ್ಡಮ್ಮನಿಗೋ ಸೋದರಮಾವನಿಗೋ ವೀಡಿಯೋ ಕರೆ ಮಾಡಿ, ಒಂದೊಂದೇ ಚಿತ್ರವನ್ನು ತೋರಿಸಿ, ಅವರು ಹೇಳಿದುದನ್ನು ಹೇಳಿದಂತೆಯೇ ಬರೆದುಕೊಳ್ಳಲಿ.