ಆಟ ಮುಗಿದ ಮೇಲಿನ ಆಟ

ಕಳೆದ ಆಟಿ ತಿಂಗಳಿನ ಒಂದು ದಿನ. ಮಳೆಯ ಕಾರಣದಿಂದ ಶಾಲೆಗೆ ರಜೆ ಸಾರಿದ್ದರು. ನನ್ನ ಮೊಮ್ಮಗ ಚಾವಡಿಯ ಮೂಲೆಯಲ್ಲಿ ಕುಳಿತು ಫೋನಿನಲ್ಲಿ ಯುದ್ಧ ಮಾಡುತ್ತಿದ್ದ. ಬೆನ್ನ ಹಿಂದೆ ನಿಂತು ನಾನೂ ನೋಡಿದೆ. ಚೌಕಚೌಕವಾದ ಒಂದು ರಣಾಂಗಣ. ಅದರಲ್ಲಿ ಒಬ್ಬ ಬಿಲ್ಲುಗಾರ, ಒಬ್ಬ ಮಂತ್ರವಾದಿ, ಕತ್ತಿ ಹಿಡಿದ ಒಬ್ಬ ಹುಡುಗಿ. ಇವರ ಸರದಿ ಮುಗಿದ ಮೇಲೆ ರಕ್ಕಸರ ಸರದಿ. ಯಾರನ್ನು ಯಾವ ಚೌಕದಲ್ಲಿ ನಿಲ್ಲಿಸಬೇಕು, ಯಾರನ್ನು ಮರೆಯಲ್ಲಿಡಬೇಕು ಎಂದು ಹುಡುಗ ಹುಬ್ಬು ಗಂಟಿಕ್ಕಿ ಯೋಚಿಸುತ್ತಿದ್ದ. ಕೊನೆಗೆ ರಕ್ಕಸರ ದೊರೆ ಬಿದ್ದ, ವಾದ್ಯ ಮೊಳಗಿತು. ಸದ್ಯ, ಊಟಕ್ಕೆ ಏಳುತ್ತಾನೆಂದುಕೊಂಡೆ. ಅವನು ಏಳಲಿಲ್ಲ. "ಅಜ್ಜಿ, ನಿಜವಾದ ಆಟ ಇನ್ನು ಶುರು" ಎಂದ. ದೊರೆ ಬಿದ್ದ ಮೇಲೆ ಅದುವರೆಗೆ ಮುಚ್ಚಿದ್ದ ನೆಲಮಾಳಿಗೆಯೊಂದು ತೆರೆಯುತ್ತದಂತೆ. ಅಲ್ಲಿ ಇನ್ನೂ ಬಲಿಷ್ಠರಾದ ವೈರಿಗಳು. ಗೆದ್ದವನು ತಾನು ಗಳಿಸಿದ ಆಯುಧಗಳೊಡನೆ ಅಲ್ಲಿಗೆ ಇಳಿಯಬೇಕು.

ಗೆದ್ದ ಮೇಲೆ ಏನು? ಸೋತ ಮೇಲೆ ಏನು? ಇದು ಮಕ್ಕಳ ಪ್ರಶ್ನೆಯೆಂದು ನನಗೆ ಅನಿಸಲಿಲ್ಲ. ನನ್ನೂರಿನ ಸುತ್ತಲಿನ ಮೂರು ತಾಲೂಕುಗಳು, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಪ್ರಶ್ನೆಯನ್ನು ಶತಮಾನಗಳಿಂದ ಕೇಳಿಕೊಂಡು ಬಂದಿವೆ. ಮರದ ಮಣೆಯಲ್ಲಿ, ಪಾಡ್ದನದಲ್ಲಿ, ಕಾವ್ಯದಲ್ಲಿ, ಕಲ್ಲಿನಲ್ಲಿ ಅದಕ್ಕೆ ಉತ್ತರವನ್ನೂ ಹುಡುಕಿವೆ. ಆ ಉತ್ತರಗಳನ್ನು ಕುರಿತೇ ಇಂದು ನಾಲ್ಕು ಮಾತು.

ಫೋನಿನ ಯುದ್ಧದ ಕುಲಗೋತ್ರವನ್ನು ಮೊದಲು ಹೇಳಿಬಿಡುತ್ತೇನೆ. ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ ಎಂಬಾತ 1824ರಲ್ಲಿ ನಕ್ಷೆಯ ಮೇಲೆ ಆಡುವ ಯುದ್ಧದ ಆಟವೊಂದರ ನಿಯಮಗಳನ್ನು ಪ್ರಕಟಿಸಿದ. ಸೇನಾನಿಗಳು ಅದರಲ್ಲಿ ತರಬೇತು ಪಡೆದರು. ಅಂಥ ಆಟಗಳ ಹವ್ಯಾಸವೇ ಅಮೆರಿಕದಲ್ಲಿ ಬೆಳೆದು, 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟವನ್ನು ಹೊರತಂದರು. ಅಲ್ಲಿ ಆಡುವವನು ಸೈನ್ಯವನ್ನು ನಡೆಸುವುದಿಲ್ಲ. ತಾನೇ ಒಂದು ಪಾತ್ರವಾಗುತ್ತಾನೆ, ನಮ್ಮ ತಾಳಮದ್ದಳೆಯ ಅರ್ಥಧಾರಿಯಂತೆ. ಆಮೇಲೆ ಕಂಪ್ಯೂಟರ್ ಈ ವಿದ್ಯೆಯನ್ನು ಕೈಗೆತ್ತಿಕೊಂಡಿತು. 1990ರಲ್ಲಿ ಜಪಾನಿನಲ್ಲಿ ಬಂದ 'ಫೈರ್ ಎಂಬ್ಲೆಮ್' ಎಂಬ ಆಟದಲ್ಲಿ ರಣದಲ್ಲಿ ಬಿದ್ದ ಸಂಗಾತಿ ಮತ್ತೆ ಏಳುವುದಿಲ್ಲ. 1995ರ 'ಕ್ರೋನೋ ಟ್ರಿಗರ್' ಎಂಬ ಆಟದಲ್ಲಿ ಗೆದ್ದವನು ಗಳಿಸಿದ ಶಕ್ತಿಯೊಡನೆ ಕಥೆಯನ್ನು ಮೊದಲಿನಿಂದ ಮತ್ತೆ ಆಡಬಹುದು. ಆಟದ ಅನಂತರದ ಆಟ ಇಲ್ಲಿ ಗೆದ್ದವನಿಗೆ ಸಲ್ಲುವ ಬಹುಮಾನ.

1974 ಎಂದೆನಲ್ಲ, ಆ ವರ್ಷವನ್ನು ಬಂಟ್ವಾಳದವರು ಬೇರೊಂದು ಕಾರಣಕ್ಕಾಗಿ ಮರೆಯುವುದಿಲ್ಲ. ಅದು ನೇತ್ರಾವತಿಯ ದೊಡ್ಡ ನೆರೆಯ ವರ್ಷ. ಜುಲೈಯಲ್ಲಿ, ಆಟಿ ತಿಂಗಳಲ್ಲೇ, ಪೇಟೆಯೊಳಗೆ ನೀರು ನುಗ್ಗಿತು. ನಾನಾಗ ಚಿಕ್ಕ ಹುಡುಗಿ. ಮನೆಮಂದಿಯೆಲ್ಲ ಅಟ್ಟ ಹತ್ತಿ ಕುಳಿತಿದ್ದೆವು. ಹಿರಿಯರು ನೀರಿನ ಮಟ್ಟವನ್ನು ನೋಡುತ್ತಿದ್ದರು. ಮಕ್ಕಳ ಬಾಯಿ ಮುಚ್ಚಿಸಲು ಅಜ್ಜಿ ಚೆನ್ನೆಮಣೆಯನ್ನು ಇಳಿಸಿಕೊಟ್ಟಳು.

ಚೆನ್ನೆಮಣೆಯೆಂದರೆ ಏಳೇಳು ಗುಳಿಗಳ ಎರಡು ಸಾಲನ್ನು ಕೊರೆದ ಮರದ ಮಣೆ. ಗುಳಿಗೆ ನಾಲ್ಕರಂತೆ 56 ಕಾಯಿ, ಸಾಮಾನ್ಯವಾಗಿ ಕೆಂಪು ಮಂಜೊಟ್ಟಿ. ಆಟಿಯ ಮಳೆಯಲ್ಲಿ ಹೊಲದ ಕೆಲಸ ನಿಂತಾಗ ಇದನ್ನು ಆಡುವುದು ತುಳುನಾಡಿನ ರೂಢಿ. ಘಟ್ಟದ ಮೇಲಿನವರ ಅಳಗುಳಿಮಣೆ ಇದರ ಒಡಹುಟ್ಟು. ಆಫ್ರಿಕದಿಂದ ಇಂಡೋನೇಷ್ಯದವರೆಗೆ ಹರಡಿರುವ ಈ ಕುಲದ ಆಟಗಳನ್ನು ವಿದ್ವಾಂಸರು ಮಂಕಾಲ ಎಂದು ಕರೆಯುತ್ತಾರೆ. ಆ ಹೆಸರು 'ಸಾಗಿಸು' ಎಂಬರ್ಥದ ಅರಬ್ಬೀ ಧಾತುವಿನಿಂದ ಬಂದುದು. ಎಚ್. ಜೆ. ಆರ್. ಮರೆ ಎಂಬ ಇಂಗ್ಲಿಷ್ ಇತಿಹಾಸಕಾರ 1952ರಲ್ಲಿ ಮಣೆಯಾಟಗಳ ಚರಿತ್ರೆಯನ್ನು ಬರೆದಾಗ ಈ ಕುಲಕ್ಕೆ ದೊಡ್ಡ ಪಾಲನ್ನೇ ಕೊಟ್ಟ.

ನಮ್ಮ ಮನೆಯ ಕ್ರಮ ಹೀಗಿತ್ತು: ತನ್ನ ಸಾಲಿನ ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗುವುದು. ಕೈ ಬರಿದಾದಾಗ ಮುಂದಿನ ಗುಳಿಯದನ್ನು ಎತ್ತಿ ಮತ್ತೆ ಬಿತ್ತುವುದು. ಆ ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿದ್ದುದೆಲ್ಲ ಆಡಿದವರಿಗೆ. ಎರಡು ಗುಳಿ ಸಾಲಾಗಿ ಬರಿದಾಗಿದ್ದರೆ ಏನೂ ಇಲ್ಲ, ಸರದಿ ಎದುರಾಳಿಗೆ. ಇಷ್ಟೇ ನಿಯಮ. ಆದರೆ ಇದರಲ್ಲಿ ದಾಳವಿಲ್ಲ, ಅದೃಷ್ಟವಿಲ್ಲ. ಪಗಡೆಯಲ್ಲಿ ಸೋತ ಧರ್ಮರಾಯ ದಾಳವನ್ನು ದೂರಬಹುದಿತ್ತು. ಚೆನ್ನೆಯಲ್ಲಿ ಸೋತವರು ತಮ್ಮ ಎಣಿಕೆಯನ್ನೇ ದೂರಬೇಕು. ಎಲ್ಲ ಕಾಯಿಗಳೂ ಇಬ್ಬರ ಕಣ್ಣೆದುರಿಗೇ ಇರುತ್ತವೆ. ತುಂಬಿದ ಗುಳಿ ಸಂಪತ್ತಲ್ಲ, ಎದುರಾಳಿಗೆ ಆಮಿಷ. ಬರಿದಾದ ಗುಳಿ ಬಡತನವಲ್ಲ, ಬಲೆ. ನನ್ನ ಅಜ್ಜಿ ಅಡಕೆ ಹೋಳು ಮಾಡುತ್ತಲೇ ಹನ್ನೆರಡು ಗುಳಿಯಾಚೆಯ ಫಲವನ್ನು ಹೇಳುತ್ತಿದ್ದಳು.

ಇಷ್ಟಾದರೂ ಚೆನ್ನೆಯ ಹೃದಯ ಮೊದಲ ಸುತ್ತಿನಲ್ಲಿಲ್ಲ, ಅದು ಮುಗಿದ ಮೇಲೆ ಇದೆ. ಒಬ್ಬಳ ಕೈಯಲ್ಲಿ 36, ಇನ್ನೊಬ್ಬಳ ಕೈಯಲ್ಲಿ 20 ಕಾಯಿ ಉಳಿಯಿತೆನ್ನಿ. ಗೆದ್ದವಳು ತನ್ನ ಏಳು ಗುಳಿಗಳನ್ನೂ ತುಂಬಿ ಎಂಟು ಕಾಯಿಗಳನ್ನು ಮಡಿಲಲ್ಲಿಟ್ಟುಕೊಳ್ಳುತ್ತಾಳೆ. ಸೋತವಳಿಗೆ ಐದೇ ಗುಳಿ ತುಂಬುತ್ತವೆ; ಎರಡು ಆಟದಿಂದ ಹೊರಗೆ. ಕುಗ್ಗಿದ ಆ ಸೀಮೆಯಿಂದಲೇ ಅವಳು ಮುಂದಿನ ಸುತ್ತನ್ನು ಆಡಬೇಕು. ಈ ಸಲ 24 ದೊರೆತರೆ ಆರನೆಯ ಗುಳಿ ಮರಳಿ ಬರುತ್ತದೆ. ಒಂದು ಗುಳಿಗೆ ಸಾಕಾಗುವಷ್ಟು ಕಾಯಿಯಿರುವವರೆಗೆ ಯಾರೂ ಪೂರ್ತಿ ಸೋತವರಲ್ಲ. ಮೊಮ್ಮಗನ ಫೋನಿನಲ್ಲಿ ಆಟದ ಅನಂತರದ ಆಟ ಗೆದ್ದವನದು. ಚೆನ್ನೆಯಲ್ಲಿ ಅದು ಹೆಚ್ಚಾಗಿ ಸೋತವಳದು. ಬಡವಾದ ಸಾಲಿನಲ್ಲಿ ಕುಳಿತು ಮುನಿಯದೆ ಎಣಿಸುವುದನ್ನು ಕಲಿಸುವ ಶಾಲೆ ಅದು.

ಆ ಶಾಲೆಯಲ್ಲಿ ಎಲ್ಲರೂ ತೇರ್ಗಡೆಯಾಗುವುದಿಲ್ಲವೆಂಬುದನ್ನೂ ತುಳುವರು ಬಲ್ಲರು. ನೆರೆಯ ಆ ದಿನ ನಾನೂ ಅಕ್ಕನೂ ಮಣೆಯ ಎದುರುಬದುರು ಕೂತೊಡನೆ ಅಜ್ಜಿ ನನ್ನನ್ನು ಎಬ್ಬಿಸಿ ಚಿಕ್ಕಪ್ಪನ ಮಗನನ್ನು ಕೂರಿಸಿದಳು. "ಅಕ್ಕತಂಗಿ ಚೆನ್ನೆ ಆಡಬಾರದು. ಅಬ್ಬಗ ದಾರಗರ ಕಥೆ ಗೊತ್ತಿಲ್ಲವೆ?"

ಆ ಕಥೆ ಸಿರಿ ಪಾಡ್ದನದ ಕೊನೆಯ ಭಾಗ. ಸತ್ಯನಾಪುರದ ಬೆರ್ಮ ಆಳ್ವನ ಮಗಳು ಸಿರಿ. ಸಿರಿಯ ಮಗಳು ಸೊನ್ನೆ. ಸೊನ್ನೆ ಬೆರ್ಮರಿಗೆ ಹರಕೆ ಹೊತ್ತು ಪಡೆದ ಅವಳಿ ಮಕ್ಕಳು ಅಬ್ಬಗ ಮತ್ತು ದಾರಗ. ತಂದೆತಾಯಿ ಹರಕೆಯನ್ನು ಮರೆತರು. ಅವರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಹುಡುಗಿಯರು ಚೆನ್ನೆಮಣೆಯನ್ನು ಹೊರತೆಗೆದು ಆಡಿದರು. ಹಾಡುವವರಿಂದ ಹಾಡುವವರಿಗೆ ವಿವರ ಬದಲಾಗುತ್ತದೆ. ಬದಲಾಗದ ಮಾತು ಒಂದೇ. ಸೋಲನ್ನು ತಾಳದ ಅಬ್ಬಗ ಅದೇ ಮಣೆಯಿಂದ ತಂಗಿಯ ತಲೆಗೆ ಹೊಡೆದಳು. ದಾರಗ ಸತ್ತಳು. ಮುಂದಿನ ಸುತ್ತಿಗೆ ಎದುರಿನಲ್ಲಿ ಕೂರುವವರು ಯಾರೂ ಉಳಿಯಲಿಲ್ಲ. ಅಬ್ಬಗ ಬಾವಿಗೆ ಹಾರಿದಳು.

ಈ ಪಾಡ್ದನದ ದೊಡ್ಡ ಪಾಠವೊಂದು ಬೆಳ್ತಂಗಡಿ ತಾಲೂಕಿನಿಂದ ಹೊರಲೋಕಕ್ಕೆ ಹೋಯಿತು. ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಕೃಷಿಕರು, ಸಿರಿ ಆರಾಧನೆಯಲ್ಲಿ ಹಾಡಿ ನಡೆಸುವವರು. ಅವರು 1990ರ ಡಿಸೆಂಬರಿನಲ್ಲಿ ದಿನಗಟ್ಟಲೆ ಹಾಡಿದ್ದನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ನಮ್ಮವರೇ ಆದ ಬಿ. ಎ. ವಿವೇಕ ರೈ, ಚಿನ್ನಪ್ಪ ಗೌಡ ಅವರೊಡನೆ ದಾಖಲಿಸಿದರು. 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾದ ಆ ಪಠ್ಯದಲ್ಲಿ 15,683 ಸಾಲುಗಳಿವೆ. ಕಾವ್ಯ ಅಚ್ಚಾದ ಮಾತ್ರಕ್ಕೆ ಕಥೆ ಮುಗಿಯಲಿಲ್ಲವೆನ್ನುವುದೇ ಇಲ್ಲಿಯ ವಿಶೇಷ. ನಂದಳಿಕೆ, ಹಿರಿಯಡಕ, ಕವತ್ತಾರು ಮೊದಲಾದ ಸಿರಿಜಾತ್ರೆಯ ಸ್ಥಳಗಳಲ್ಲಿ ವರ್ಷವರ್ಷವೂ ಹೆಂಗಸರು ಆವೇಶಗೊಂಡು ಸಿರಿಯಾಗಿ, ಸೊನ್ನೆಯಾಗಿ, ಅಬ್ಬಗ ದಾರಗರಾಗಿ ಮಾತನಾಡುತ್ತಾರೆ. ಅಮೆರಿಕದ ಪೀಟರ್ ಕ್ಲಾಸ್ 1975ರಲ್ಲೇ ಇದನ್ನು ಕುರಿತು ಬರೆದರು. ಸತ್ತ ಹುಡುಗಿಯರಿಗೆ ಹೀಗೆ ಮತ್ತೊಂದು ಸುತ್ತು ದೊರೆಯಿತು. ಮನೆಯಲ್ಲಿ ಬಾಯಿಬಿಡಲಾಗದ ನೋವಿಗೆ ಅಲ್ಲೊಂದು ಮಾತೂ ದೊರೆಯಿತು.

ಸೋತವರ ಕಥೆ ಇದಾದರೆ, ಗೆದ್ದವರ ಕಥೆಯನ್ನು ತಿಳಿಯಲು ಮೂಡುಬಿದಿರೆಗೆ ಹೋಗಬೇಕು. ದಾರಿಯಲ್ಲಿ ಬಂಟ್ವಾಳ ತಾಲೂಕಿನ ಪೊಳಲಿ. ಅಲ್ಲಿಯ ರಾಜರಾಜೇಶ್ವರಿಯ ತಿಂಗಳ ಜಾತ್ರೆಯಲ್ಲಿ ಐದು ದಿನ ಚೆಂಡಿನ ಆಟ. ಒಳಿತು ಕೆಡುಕುಗಳ ಕದನಕ್ಕೆ ಅದು ಸಂಕೇತ. ಆ ತೊಗಲ ಚೆಂಡನ್ನು ಹೊಲಿಯುವವರು ಮೂಡುಬಿದಿರೆಯ ಚಮ್ಮಾರ ಕುಟುಂಬದವರು, ಹೊತ್ತು ತರುವವರು ಮಿಜಾರಿನ ಗಾಣಿಗ ಮನೆತನದವರು. ಕಡೆ ಚೆಂಡಿನೊಡನೆಯೂ ಎಲ್ಲ ಮುಗಿಯುವುದಿಲ್ಲ. ರಥೋತ್ಸವ, ಅವಭೃತಗಳು ನಡೆಯಬೇಕು. ಕದನ ಕಳೆದ ಮೇಲೆ ಮೈ ತೊಳೆದುಕೊಳ್ಳಬೇಕೆಂಬ ಎಚ್ಚರ ನಮ್ಮವರಿಗೆ ಎಂದೂ ಇತ್ತು.

1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಊರು ಮೂಡುಬಿದಿರೆ. ಹದಿನಾರನೆಯ ಶತಮಾನದ ರತ್ನಾಕರವರ್ಣಿಯ ಊರು. ಭರತ ಬಾಹುಬಲಿಯರ ಕಥೆಯನ್ನು ಅವನಿಗಿಂತ ಆರು ನೂರು ವರ್ಷ ಮೊದಲು, 941ರಲ್ಲಿ, ಪಂಪ ಆದಿಪುರಾಣದಲ್ಲಿ ಹೇಳಿದ್ದ. ಭರತ ಷಟ್ಖಂಡವನ್ನೂ ಗೆದ್ದು ಮರಳಿದ. ಆದರೆ ಅವನ ಚಕ್ರರತ್ನ ರಾಜಧಾನಿಯನ್ನು ಪ್ರವೇಶಿಸದೆ ಹೊರಗೇ ನಿಂತುಬಿಟ್ಟಿತು. ಲೋಕವನ್ನೆಲ್ಲ ಗೆದ್ದರೂ ತಮ್ಮ ಉಳಿದಿದ್ದಾನೆ, ಆಟ ಮುಗಿದಿಲ್ಲ! ಸೈನ್ಯಗಳು ಸಾಯುವುದು ಬೇಡವೆಂದು ಮಂತ್ರಿಗಳು ಕದನಕ್ಕೆ ನಿಯಮ ಕಟ್ಟಿದರು. ಮೂರೇ ಯುದ್ಧ: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ಬಾಹುಬಲಿ ಗೆದ್ದ. ಸೋಲನ್ನು ತಾಳದ ಭರತ ನಿಯಮ ಮುರಿದು ಚಕ್ರವನ್ನು ಎಸೆದ. ಅಬ್ಬಗ ಮಣೆ ಎತ್ತಿದ್ದಕ್ಕೂ ಇದಕ್ಕೂ ಏನು ಭೇದ? ಭೇದವಿಷ್ಟೆ: ಚಕ್ರ ಬಾಹುಬಲಿಯನ್ನು ಕೊಲ್ಲದೆ ಬಲಗೊಂಡು ನಿಂತಿತು. ಮುಂದಿನ ಸುತ್ತಿಗೆ ಇಬ್ಬರೂ ಉಳಿದರು.

ರತ್ನಾಕರ ತನ್ನ ಭರತೇಶವೈಭವದಲ್ಲಿ ಈ ಘಟ್ಟವನ್ನೇ ಬದಲಿಸಿದ. ಅಲ್ಲಿ ಆ ಯುದ್ಧಗಳು ನಡೆಯುವುದೇ ಇಲ್ಲ. ಭರತ ಮೃದುವಾದ ಮಾತಿನಿಂದ ತಮ್ಮನ ಮನಸ್ಸನ್ನು ಗೆಲ್ಲುತ್ತಾನೆ. ಪಂಪನನ್ನು ಬಲ್ಲ ಓದುಗರಿಗೆ ಇದು ಸಪ್ಪೆಯಾಗಿ ಕಂಡೀತು. ನನಗೂ ಬಹಳ ಕಾಲ ಹಾಗೆ ಕಂಡಿತ್ತು. ಈಗ ಹಾಗೆನಿಸುವುದಿಲ್ಲ. ಒಡಹುಟ್ಟಿದವರ ನಡುವೆ ಮೊದಲ ಮಾತನ್ನು ಆಡುವುದು ಮಲ್ಲಯುದ್ಧಕ್ಕಿಂತ ಸುಲಭವೆಂದು ತಿಳಿದವರು ಅದನ್ನು ಮಾಡಿ ನೋಡಿದವರಲ್ಲ.

ಇನ್ನೊಂದು ಸಂಗತಿ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ತಿಮ್ಮಣ್ಣಾಜಿಲ 1604ರಲ್ಲಿ 35 ಅಡಿಯ ಬಾಹುಬಲಿಯನ್ನು ನಿಲ್ಲಿಸಿದ. ಅದೇ ತಾಲೂಕಿನ ಧರ್ಮಸ್ಥಳದಲ್ಲಿ ರೆಂಜಾಳ ಗೋಪಾಲ ಶೆಣೈ ಅವರು ಕಡೆದ 39 ಅಡಿಯ ವಿಗ್ರಹ 1982ರಲ್ಲಿ ಪ್ರತಿಷ್ಠೆಗೊಂಡಿತು. ಈ ಎರಡು ಬೃಹದ್ವಿಗ್ರಹಗಳಲ್ಲೂ ಕದನದ ಸುಳಿವಿಲ್ಲ. ಗೆದ್ದ ಮೇಲೆ ಗೆಲುವನ್ನು ಕೆಳಗಿಟ್ಟು ನಿಂತವನನ್ನೇ ನಮ್ಮ ಶಿಲ್ಪಿಗಳು ಆಕಾಶದೆತ್ತರಕ್ಕೆ ಕಡೆದರು. ಅಷ್ಟಾದರೂ ಅವನಿಗೆ ಜ್ಞಾನ ಬೇಗ ದೊರೆಯಲಿಲ್ಲ. ಅಣ್ಣನ ನೆಲದಲ್ಲಿ ನಿಂತಿದ್ದೇನೆಂಬ ಅಳುಕು ಮುಳ್ಳಾಗಿ ಉಳಿದಿತ್ತು, ಭರತನೇ ಬಂದು ನಮಿಸಿದ ಮೇಲೆ ಆ ಮುಳ್ಳು ಕಳಚಿತು ಎನ್ನುತ್ತದೆ ಕಥೆ. ಗೆದ್ದವನ ಬಿಡುಗಡೆಗೂ ಸೋತವನ ಹೆಜ್ಜೆ ಬೇಕಾಯಿತು.

ಇದನ್ನೆಲ್ಲ ನಾನು ಪುಸ್ತಕದಿಂದಷ್ಟೇ ಹೇಳುತ್ತಿಲ್ಲ. ನಮ್ಮ ಮನೆಯ ಪಾಲಾದಾಗ ನನಗೂ ಅಕ್ಕನಿಗೂ ಒಂದು ತುಂಡು ತೋಟದ ವಿಷಯದಲ್ಲಿ ಮಾತು ಬೆಳೆಯಿತು. ಒಬ್ಬರೊಡನೊಬ್ಬರು ಚೆನ್ನೆಯಾಡದೆಯೂ ನಾವು ಹೊಡೆದಾಡಿದೆವು. ತೋಟ ನನಗೆ ಬಂತು. ಚೆನ್ನೆಮಣೆಯೂ ನನ್ನ ಪಾಲಿಗೆ ಬಂತು. ಕಾಯಿಗಳ ಸಂಚಿ ಹೇಗೋ ಅಕ್ಕನ ಪೆಟ್ಟಿಗೆಯೊಂದಿಗೆ ಹೋಯಿತು. ಹನ್ನೊಂದು ವರ್ಷ ಮಣೆ ಅಟ್ಟದಲ್ಲಿ ಬರಿದಾಗಿಯೇ ಇತ್ತು.

ಮೊಮ್ಮಗನ ಫೋನಿನಲ್ಲಿ ನೆಲಮಾಳಿಗೆ ತೆರೆದ ಆ ಮಧ್ಯಾಹ್ನ ನಾನು ಮಣೆಯನ್ನು ಇಳಿಸಿ ಒರೆಸಿದೆ. "ಕಾಯಿ ಎಲ್ಲಿ?" ಎಂದು ಅವನು ಕೇಳಿದ. ನಾನು ಅದೇ ಫೋನನ್ನು ಅವನ ಕೈಯಿಂದ ತೆಗೆದುಕೊಂಡು ಅಕ್ಕನಿಗೆ ಕರೆ ಮಾಡಿದೆ. ಗೆದ್ದವಳು ನಾನು, ಮೊದಲ ಮಾತು ನನ್ನದೇ ಆಗಬೇಕಿತ್ತು. ಆಚೆ ಬದಿಯಲ್ಲಿ ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ, "ಎಣಿಸಿ ಹೇಳುತ್ತೇನೆ" ಎಂದಳು. 54 ಇದ್ದವು.

ಮುಂದಿನ ಆದಿತ್ಯವಾರ ಅವಳೇ ಸಂಚಿಯೊಡನೆ ಬಂದಳು. ಕಡಿಮೆಯಾದ ಎರಡಕ್ಕೆ ಹುಣಸೆಬೀಜ ಹಾಕಿದೆವು. ಅಜ್ಜಿಯ ಮಾತನ್ನು ಮೀರದೆ ಅವಳು ಮೊಮ್ಮಗನೊಡನೆ ಆಡಿದಳು; ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಮೊದಲ ಸುತ್ತು ಮುಗಿದಾಗ ಹುಡುಗನ ಮುಂದೆ ಇಪ್ಪತ್ತೇ ಕಾಯಿ ಉಳಿದಿದ್ದವು. "ನಾನು ಸೋತೆ, ಮುಗಿಯಿತು" ಎಂದು ಅವನು ಏಳಹೊರಟ.

"ಮುಗಿಯಲಿಲ್ಲ, ಕೂತುಕೋ" ಎಂದಳು ಅಕ್ಕ. "ನಿನ್ನ ಐದು ಗುಳಿ ತುಂಬು."