ಕಂಟ್ರೋಲ್ ರೂಮ್ ಪರದೆಯಲ್ಲಿ ಆರದ ಅಲಾರಂ: ಏನಿದು, ನಿಭಾಯಿಸುವುದು ಹೇಗೆ?

ವಿದ್ಯುತ್ ಸ್ಥಾವರ, ತೈಲ ಸಂಸ್ಕರಣಾಗಾರ, ರಾಸಾಯನಿಕ ಕಾರ್ಖಾನೆಗಳ ಕಂಟ್ರೋಲ್ ರೂಮ್‌ನಲ್ಲಿ ಆಪರೇಟರ್ ಮುಂದಿನ ಪರದೆಯಲ್ಲಿ ಕೆಲವು ಅಲಾರಂಗಳು ದಿನಗಟ್ಟಲೆ ಹಾಗೆಯೇ ಉಳಿದಿರುತ್ತವೆ. ಕೆಟ್ಟ ಸೆನ್ಸರ್, ದುರಸ್ತಿಗೆ ನಿಲ್ಲಿಸಿದ ಪಂಪ್, ತಪ್ಪಾಗಿ ನಿಗದಿಪಡಿಸಿದ ಮಿತಿ ಇದಕ್ಕೆ ಸಾಮಾನ್ಯ ಕಾರಣಗಳು. 'ಅದು ಯಾವಾಗಲೂ ಇರುತ್ತದೆ ಬಿಡಿ' ಎಂದು ಸಿಬ್ಬಂದಿ ಒಗ್ಗಿಕೊಂಡರೆ ಅಪಾಯದ ಎಚ್ಚರಿಕೆಯೂ ಅದೇ ಪಟ್ಟಿಯಲ್ಲಿ ಮರೆಯಾಗಬಹುದು.

ಯಾವುದು ಅಲಾರಂ?

ಆಪರೇಟರ್ ನಿಗದಿತ ಸಮಯದೊಳಗೆ ಏನಾದರೂ ಕ್ರಮ ಕೈಗೊಳ್ಳಬೇಕಿದ್ದರೆ ಮಾತ್ರ ಅದು ಅಲಾರಂ. ಉಳಿದದ್ದೆಲ್ಲ ಬರೀ ಮಾಹಿತಿ. ಅಮೆರಿಕದ ಐಎಸ್‌ಎ 18.2 (2009) ಮತ್ತು ಅಂತಾರಾಷ್ಟ್ರೀಯ ಐಇಸಿ 62682 (2014) ಮಾನದಂಡಗಳ ಮೂಲ ತತ್ವವೇ ಇದು. 24 ಗಂಟೆಗೂ ಹೆಚ್ಚು ಕಾಲ ಆರದೆ ಉಳಿಯುವುದನ್ನು 'ಸ್ಟೇಲ್ ಅಲಾರಂ' ಎನ್ನುತ್ತಾರೆ. ಯಾವುದೇ ದಿನ ಇಂಥವು ಐದಕ್ಕಿಂತ ಕಡಿಮೆ ಇರಬೇಕು, ಇದ್ದವಕ್ಕೂ ಪರಿಹಾರದ ಯೋಜನೆ ಇರಬೇಕು ಎಂಬುದು ಐಎಸ್‌ಎ ಸೂಚಿಸುವ ಗುರಿ.

11 ನಿಮಿಷದಲ್ಲಿ 275 ಅಲಾರಂ

1994ರ ಜುಲೈ 24ರಂದು ಬ್ರಿಟನ್‌ನ ಮಿಲ್‌ಫರ್ಡ್ ಹೇವನ್‌ನಲ್ಲಿದ್ದ ಟೆಕ್ಸಾಕೊ ಸಂಸ್ಕರಣಾಗಾರದಲ್ಲಿ ಸ್ಫೋಟ ಸಂಭವಿಸಿ 26 ಮಂದಿ ಗಾಯಗೊಂಡರು. ಮುಚ್ಚಿದ್ದ ವಾಲ್ವ್ ಒಂದು ತೆರೆದಿದೆ ಎಂದು ಪರದೆ ತೋರಿಸುತ್ತಿತ್ತು. ಸ್ಫೋಟಕ್ಕೆ ಮುನ್ನ ಸುಮಾರು 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ ಬಂದ ಅಲಾರಂಗಳು 275. ಅಂದರೆ ಎರಡು–ಮೂರು ಸೆಕೆಂಡಿಗೊಂದು! ಅಲ್ಲಿನ ಅಲಾರಂಗಳಲ್ಲಿ ಶೇ 87ರಷ್ಟಕ್ಕೆ 'ಹೆಚ್ಚಿನ ಆದ್ಯತೆ'ಯ ಪಟ್ಟಿ ಅಂಟಿಸಲಾಗಿತ್ತು. ಎಲ್ಲವೂ ತುರ್ತು ಎಂದಾದಾಗ ಯಾವುದನ್ನು ಮೊದಲು ನೋಡುವುದು?

ಹಾಗೆಂದು ಮೌನವೂ ಸುರಕ್ಷಿತವಲ್ಲ. 2003ರ ಆಗಸ್ಟ್ 14ರಂದು ಅಮೆರಿಕದ ಓಹಿಯೊದಲ್ಲಿ ವಿದ್ಯುತ್ ಕಂಪನಿಯೊಂದರ ಅಲಾರಂ ಸಾಫ್ಟ್‌ವೇರ್ ಸ್ಥಗಿತಗೊಂಡಿದ್ದು ಆಪರೇಟರ್‌ಗಳಿಗೆ ಗೊತ್ತೇ ಆಗಲಿಲ್ಲ. ಅಮೆರಿಕ ಮತ್ತು ಕೆನಡಾದ ಸುಮಾರು 5 ಕೋಟಿ ಜನ ಕತ್ತಲಲ್ಲಿ ಮುಳುಗಿದ ಅಂದಿನ ಅವಘಡದ ಕಾರಣಗಳಲ್ಲಿ ಇದೂ ಒಂದು.

ನಿಭಾಯಿಸುವುದು ಹೇಗೆ?

* ಅಕ್ನಾಲೆಜ್: ಈ ಬಟನ್ ಒತ್ತಿದರೆ ಸದ್ದು ನಿಲ್ಲುತ್ತದೆ. 'ನೋಡಿದ್ದೇನೆ' ಎಂಬುದಷ್ಟೇ ಇದರ ಅರ್ಥ, ಸಮಸ್ಯೆ ಬಗೆಹರಿದಿಲ್ಲ.

* ಡೆಡ್‌ಬ್ಯಾಂಡ್: ಟ್ಯಾಂಕ್ ಮಟ್ಟ ಶೇ 80 ದಾಟಿದಾಗ ಬಂದ ಅಲಾರಂ ಶೇ 78ಕ್ಕೆ ಇಳಿದ ಮೇಲೆಯೇ ಆರುವಂತೆ ಮಾಡಬಹುದು. ಮಿತಿಯ ಆಸುಪಾಸಿನಲ್ಲಿ ಪದೇ ಪದೇ ಬಂದು ಹೋಗುವ ಅಲಾರಂ ಇದರಿಂದ ಹತೋಟಿಗೆ ಬರುತ್ತದೆ.

* ಶೆಲ್ವಿಂಗ್: ಕಾಟ ಕೊಡುವ ಅಲಾರಂ ಅನ್ನು ಸ್ವಲ್ಪ ಕಾಲ ಬದಿಗಿಡುವ ವ್ಯವಸ್ಥೆ. ಅವಧಿ ಮುಗಿದ ಕೂಡಲೇ ಅದು ತಾನಾಗಿ ಮರಳಬೇಕು. ಯಾರು, ಏಕೆ ಬದಿಗಿಟ್ಟರು ಎಂಬುದು ದಾಖಲಾಗಬೇಕು.

* ಸ್ಥಿತಿಗೆ ತಕ್ಕ ತಡೆ: ಪಂಪ್ ಅನ್ನು ಬೇಕೆಂದೇ ನಿಲ್ಲಿಸಿದ್ದಾಗ 'ಹರಿವು ಕಡಿಮೆ' ಎಂಬ ಅಲಾರಂ ಬಾರದಂತೆ ಮೊದಲೇ ವಿನ್ಯಾಸ ಮಾಡಬಹುದು.

* ಮರುಪರಿಶೀಲನೆ: ಪ್ರತಿ ಅಲಾರಂಗೂ ಕಾರಣ, ಪರಿಣಾಮ, ಮಾಡಬೇಕಾದ ಕೆಲಸ, ಇರುವ ಸಮಯ ಬರೆದಿಡಬೇಕು. ಮಾಡಬೇಕಾದ ಕೆಲಸವೇ ಇಲ್ಲದಿದ್ದರೆ ಅದು ಅಲಾರಂ ಪಟ್ಟಿಯಲ್ಲಿ ಇರಬಾರದು. ಉಳಿದವುಗಳಲ್ಲಿ ಸುಮಾರು ಶೇ 80 ಕಡಿಮೆ, ಶೇ 15 ಮಧ್ಯಮ, ಶೇ 5 ಹೆಚ್ಚಿನ ಆದ್ಯತೆಯವು ಇರಬೇಕೆಂಬುದು ಸಾಮಾನ್ಯ ಮಾರ್ಗಸೂಚಿ.

ಶಿಫ್ಟ್ ಬದಲಾವಣೆ ವೇಳೆ ಎಚ್ಚರ

ಸಂಜೆ ಪಾಳಿಯವರು ಬದಿಗಿಟ್ಟ ಅಲಾರಂ ರಾತ್ರಿ ಪಾಳಿಯವರ ಪರದೆಯಲ್ಲಿ ಕಾಣದೇ ಹೋಗಬಹುದು. ಹೀಗಾಗಿ ಆರದೆ ಉಳಿದವು, ಬದಿಗಿಟ್ಟವು, ದುರಸ್ತಿಗಾಗಿ ಬಂದ್ ಮಾಡಿದವು ಎಂಬ ಮೂರೂ ಪಟ್ಟಿಗಳನ್ನು ಕೆಲಸ ಒಪ್ಪಿಸುವಾಗ ಒಟ್ಟಿಗೆ ಕುಳಿತು ನೋಡಬೇಕು. ಬಂದ್ ಮಾಡಿದ ಅಲಾರಂ ಬದಲಿಗೆ ಆ ಉಪಕರಣವನ್ನು ಯಾರು, ಎಷ್ಟು ಹೊತ್ತಿಗೊಮ್ಮೆ ಹೋಗಿ ನೋಡುತ್ತಾರೆ ಎಂಬುದೂ ಅಲ್ಲೇ ತೀರ್ಮಾನವಾಗಬೇಕು.