ದುಬೈನಲ್ಲಿ ಕೆಲಸ ಬಿಟ್ಟರೆ ಊರಿಗೆ ಮರಳಲೇಬೇಕೆ?

"ಕೆಲಸ ಬಿಟ್ಟರೆ ವೀಸಾ ರದ್ದು, ಊರಿಗೆ ಹೋಗಿ ಆರು ತಿಂಗಳು ಕೂರಬೇಕು." ಭಟ್ಕಳ, ಹೊನ್ನಾವರ, ಕುಮಟಾದಿಂದ ಗಲ್ಫ್‌ಗೆ ಹೋದವರ ಮನೆಮಂದಿಯನ್ನು ಹೆದರಿಸುವ ಮಾತಿದು. ಯುಎಇ ಮಟ್ಟಿಗೆ ಇದು ಸರಿಯಲ್ಲ.

ಅಲ್ಲಿ 2022ರ ಫೆಬ್ರವರಿ 2ರಿಂದ ಹೊಸ ಕಾರ್ಮಿಕ ಕಾನೂನು ಜಾರಿಯಲ್ಲಿದೆ. ಒಪ್ಪಂದ ಮುಗಿದಾಗ ಅದೇ ಕಂಪನಿಯಲ್ಲಿ ನವೀಕರಿಸಬಹುದು, ಇಲ್ಲವೇ ಬೇರೆ ಕಂಪನಿ ಸೇರಬಹುದು. ನಡುವೆ ಬಿಡುವುದಾದರೆ 30ರಿಂದ 90 ದಿನಗಳ ನೋಟಿಸ್ ಕೊಡಬೇಕು. ಪ್ರೊಬೇಷನ್‌ನಲ್ಲಿದ್ದು ಅಲ್ಲೇ ಇನ್ನೊಂದು ಕಂಪನಿಗೆ ಹೋಗುವವರಿಗೆ ಒಂದು ತಿಂಗಳು ಸಾಕು. ನೋಟಿಸ್ ಕೊಡದೆ ಮಾಯವಾದರೆ ಮಾತ್ರ ತೊಂದರೆ ಖಚಿತ. ಮನೆಗೆಲಸದವರಿಗೆ ಬೇರೆಯೇ ಕಾನೂನಿದೆ.

ವೀಸಾ ರದ್ದಾದ ಮೇಲೂ ದೇಶದಲ್ಲಿರಲು ಕೆಲವು ದಿನಗಳ ಅವಕಾಶ ಸಿಗುತ್ತದೆ. ಎಷ್ಟು ದಿನ ಎಂಬುದು ವೀಸಾದ ವರ್ಗದ ಮೇಲೆ ನಿಂತಿದೆ. ಗೆಳೆಯನಿಗೆ ಸಿಕ್ಕಷ್ಟೇ ನಮಗೂ ಸಿಗುತ್ತದೆಂದು ನಂಬಬೇಡಿ, ರದ್ದತಿ ಪತ್ರದಲ್ಲಿನ ದಿನಾಂಕ ನೋಡಿ. ಅದು ದಾಟಿದರೆ ದಿನಕ್ಕೆ 50 ದಿರ್ಹಮ್ ದಂಡ.

ಪದವಿ ಮತ್ತು ತಿಂಗಳಿಗೆ ಕನಿಷ್ಠ 15,000 ದಿರ್ಹಮ್ ಸಂಬಳ ಇರುವ ವೃತ್ತಿಪರರು 5 ವರ್ಷಗಳ ಗ್ರೀನ್ ವೀಸಾಕ್ಕೆ ಅರ್ಜಿ ಹಾಕಬಹುದು. ಇದಕ್ಕೆ ಕಂಪನಿಯ ಪ್ರಾಯೋಜಕತ್ವ ಬೇಡ, ಕೆಲಸದ ಒಪ್ಪಂದ ಮಾತ್ರ ಬೇಕು.

ನಿಜವಾದ ಅಪಾಯ ಬೇರೆ ಕಡೆ ಇದೆ. "ವಿಸಿಟ್ ವೀಸಾದಲ್ಲಿ ಬಾ, ಕೆಲಸ ಶುರು ಮಾಡು, ಆಮೇಲೆ ಬದಲಿಸೋಣ" ಎನ್ನುವ ಏಜೆಂಟರನ್ನು ನಂಬಬೇಡಿ. ಪರ್ಮಿಟ್ ಇಲ್ಲದೆ ಕೆಲಸ ಮಾಡುವುದು ಕಾನೂನುಬಾಹಿರ. 2024ರ ತಿದ್ದುಪಡಿಯಂತೆ ಹಾಗೆ ದುಡಿಸಿಕೊಂಡ ಮಾಲೀಕನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್ ದಂಡವಿದೆ. ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡುವಂತೆಯೂ ಇಲ್ಲ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವಂತೆಯೂ ಇಲ್ಲ.